ಎಂಜಿನ್ನಿಗೊಂದು ಸಿಂಬಿ

ನನ್ನ ಕಾರನ್ನು ತೂಕದ ಲೆಕ್ಕದಲ್ಲಿ ಕೇಳಿದವರು ಚಿತ್ತಾಪುರದ ಗುಜರಿ ಸಾಹುಕಾರರು. ಹಳೆಯ ಕಬ್ಬಿಣ ಕೊಂಡು, ಒಡೆದು, ಬೇರೆ ಬೇರೆ ಮಾಡಿ ಮಾರುವುದು ಅವರ ವ್ಯಾಪಾರ. ನಾನು ವಾಡಿ ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು, ರೈಲಿನಿಂದ ಇಳಿಯುವವರಿಗಾಗಿ ಕಾಯುತ್ತಿದ್ದೆ. ಅವರು ಸುಮ್ಮನೆ ಹಾದುಹೋಗುವವರಂತೆ ಬಂದು, ಕಲ್ಲಂಗಡಿ ಕೊಳ್ಳುವವರ ಹಾಗೆ ಬಾನೆಟ್ಟಿನ ಮೇಲೆ ಎರಡು ಬೆರಳಿಂದ ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಕೇಳಿದರು.

"ತಗಡು ದಪ್ಪ ಅದ. ಹಳೇ ಮಾಲು. ಕೊಡೋದಿದ್ರ ಹೇಳು ತಮ್ಮಾ, ತೂಕಕ್ಕ ತೊಗೋತೀನಿ."

"ಓಡೋ ಗಾಡಿ ಅದ ಸಾವ್ಕಾರ್ರ. ತೂಕಕ್ಕ ಕೊಡಾಕ ಇದೇನು ಉಳ್ಳಾಗಡ್ಡಿ ಏನು?"

"ಓಡ್ತದ, ಖರೇ. ಆದ್ರ ಇದು ಪೆಟ್ರೋಲ್ ಮ್ಯಾಲ ಓಡಲ್ಲ, ನಿನ್ನ ಮನಿ ರೊಟ್ಟಿ ಮ್ಯಾಲ ಓಡ್ತದ."

ಆ ಮಾತು ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಪೆಟ್ರೋಲಿನ ಬೆಲೆ ಏರಿದ್ದು ಇಳಿಯುವ ಲಕ್ಷಣ ಕಾಣುತ್ತಿರಲಿಲ್ಲ. ನನ್ನದು ಕಪ್ಪು ಬಣ್ಣದ, ದೊಡ್ಡ ಮೈಯ ವಿಲಾಯತಿ ಕಾರು. ನಿಜಾಮರ ಕಾಲದಲ್ಲಿ ಚಿಂಚೋಳಿ ಕಡೆಯ ಜಾಗೀರದಾರರೊಬ್ಬರ ಮನೆಗೆ ಬಂದದ್ದು. ನಾನು ಅದನ್ನು ನೋಡಿದಾಗ ಜೋಳದ ಕಣಕಿ ಬಣವೆಯ ಪಕ್ಕದಲ್ಲಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿತ್ತು. ಮರಿಗಳು ಹೊರಬರುವ ತನಕ ತಡೆದು ಆಮೇಲೆ ಗಾಡಿ ತಂದೆ. ಅದಕ್ಕೂ ಮೊದಲು ನಾನು ಶಹಾಬಾದಿನ ಕಲ್ಲಿನ ಡಿಪೋದಲ್ಲಿ ಇನ್ನೊಬ್ಬರ ಲಾರಿ ಓಡಿಸುತ್ತಿದ್ದವನು. ಹಾಸುಗಲ್ಲು ತುಂಬಿಕೊಂಡು ಹೊರಟರೆ ಮಾಲಕರು ಹೇಳಿದಾಗ ಉಣ್ಣಬೇಕು, ಬಿಟ್ಟಾಗ ಮಲಗಬೇಕು. ಕಾರು ಬಂದ ದಿನದಿಂದ ನಾನು ಯಾರ ಮುಂದೆಯೂ ಕೈಕಟ್ಟಿ ನಿಂತಿರಲಿಲ್ಲ. ಆ ಸುಖ ಏನೆಂದು ಬೇರೆಯವರ ಸ್ಟೇರಿಂಗ್ ಹಿಡಿದವರಿಗೆ ಮಾತ್ರ ಗೊತ್ತು.

ನಮ್ಮ ಮನೆ ಸೇಡಂನಲ್ಲಿ. ಚಿಂಚೋಳಿಯ ಕಡೆಗೆ ರೈಲಿಲ್ಲ; ಮುಂಬಯಿಗೋ ಮದ್ರಾಸಿಗೋ ಹೋಗುವ ದೊಡ್ಡ ಗಾಡಿ ಹಿಡಿಯಬೇಕಾದವರು ವಾಡಿಗೆ ಬರಬೇಕು. ಚಿಂಚೋಳಿ, ಚಿಮ್ಮನಚೋಡದ ಕಡೆಯಿಂದ ಮಂದಿಯನ್ನು, ಅವರ ಗಂಟು, ತೊಗರಿ ಚೀಲ, ಕೆಲವು ಸಲ ಆಡಿನ ಮರಿಯನ್ನೂ ಕೂಡಿಸಿಕೊಂಡು ವಾಡಿಗೆ ಬಿಡುವುದು, ಅಲ್ಲಿಂದ ಇಳಿದವರನ್ನು ಊರಿಗೆ ಮುಟ್ಟಿಸುವುದು ನನ್ನ ಕೆಲಸ. ಕೆಲಸಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಎಂಜಿನ್ನಿನ ಹೊಟ್ಟೆಗೆ ಮಿತಿ ಎಂಬುದರದು. ಮೇಲೆ ಕುಳಿತ ಕಾರ್ಬುರೇಟರ್ ಪೆಟ್ರೋಲನ್ನು ಗಾಳಿಗೆ ಬೆರೆಸಿ ಒಳಗೆ ಬಿಡುತ್ತದೆ, ಪ್ಲಗ್ಗಿನ ಕಿಡಿ ಅದನ್ನು ಸುಡುತ್ತದೆ. ಇಷ್ಟೇ ಅದರ ಕೆಲಸ. ನನ್ನ ಗಾಡಿಯ ಕಾರ್ಬುರೇಟರ್ ಮಾತ್ರ ಜಾಗೀರದಾರರ ಮನೆಯ ಬೀಗರೂಟಕ್ಕೆ ಬಡಿಸಿದ ಹಾಗೆ ಬಡಿಸುತ್ತಿತ್ತು.

ನಾನು ಉಳಿತಾಯದ ಎಲ್ಲ ದಾರಿ ಹುಡುಕಿದೆ. ಇಳಿಜಾರು ಬಂದರೆ ಎಂಜಿನ್ ಬಂದ್. ರೈಲ್ವೆ ಗೇಟು ಬಿದ್ದರೆ ಬಂದ್. ಪ್ಯಾಸೆಂಜರ್ ಬೀಡಿ ಕೊಳ್ಳಲು ಇಳಿದರೂ ಬಂದ್. ಅದು ಎಷ್ಟು ರೂಢಿಯಾಗಿತ್ತೆಂದರೆ, ಚಕ್ರ ನಿಲ್ಲುವ ಮೊದಲೇ ಕೈ ತಾನಾಗಿ ಚಾವಿಗೆ ಹೋಗುತ್ತಿತ್ತು. ನನ್ನ ಹೆಂಡತಿ ನಗುತ್ತಿದ್ದಳು.

"ನಿಮ್ಮ ಕೈಲಿ ಆದ್ರ ಏರಿನ್ಯಾಗೂ ಬಂದ್ ಮಾಡ್ತಿದ್ರಿ."

ಅಷ್ಟರಲ್ಲಿ ಸೇಡಂಗೆ ಡೀಸೆಲ್ ಜೀಪುಗಳು ಬಂದವು. ಅವರು ಕೇಳುವ ಬಾಡಿಗೆಯಲ್ಲಿ ನನಗೆ ಪೆಟ್ರೋಲ್ ಕೂಡ ಗಿಟ್ಟುತ್ತಿರಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಹೆಂಡತಿಯೇ ಮಾತು ತೆಗೆದಳು.

"ಲಗ್ನದ ದಿನ ಬರಾಕತ್ತಾವ. ಅಷ್ಟ್ರೊಳಗ ಈ ಗಾಡಿಗಿ ಏನರ ಒಂದು ಹಾದಿ ಮಾಡ್ರಿ. ಆಗಲಿಲ್ಲಂದ್ರ ಗುಜರಿ ಸಾವ್ಕಾರ್ರಿಗೆ ಕೊಟ್ಟು ಕೈ ತೊಳಕೋರಿ."

"ಕೊಟ್ಟು ಏನ್ ಮಾಡ್ಲಿ?"

"ಕಲ್ಲಿನ ಲಾರಿ ಎಲ್ಲಿ ಓಡಿ ಹೋಗ್ಯಾದ?"

ಅವಳು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಮುರಿದ ರೊಟ್ಟಿಯನ್ನು ಮತ್ತೆ ತಟ್ಟೆಯಲ್ಲಿಟ್ಟೆ. ಹೂಂ ಅಂದೆ. ಲಗ್ನದ ದಿನಗಳೊಳಗೆ ಗಾಡಿ ಗಿಟ್ಟುವಂತೆ ಓಡಬೇಕು, ಇಲ್ಲವಾದರೆ ನಾನು ಮತ್ತೆ ಇನ್ನೊಬ್ಬರ ಲಾರಿ ಹತ್ತಬೇಕು ಎಂದು ನಮ್ಮಿಬ್ಬರ ನಡುವೆ ಒಪ್ಪಂದವಾಯಿತು.

ಹಾದಿ ಎಂದರೆ ಒಂದೇ. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸುವುದು. ಡೀಸೆಲ್ಲಿಗೆ ಕಾರ್ಬುರೇಟರೂ ಇಲ್ಲ, ಪ್ಲಗ್ಗೂ ಇಲ್ಲ. ಒಂದು ಪಂಪು ಎಣ್ಣೆಯನ್ನು ಒತ್ತಿ ಒತ್ತಿ ಸಣ್ಣ ತೂತಿನ ನೋಝಲ್ಲಿನಿಂದ ಚಿಮ್ಮಿಸುತ್ತದೆ. ಒಳಗೆ ಬಿಗಿಯಾಗಿ ಒತ್ತಿದ ಗಾಳಿಯ ಬಿಸಿಗೇ ಅದು ಹೊತ್ತಿಕೊಳ್ಳುತ್ತದೆ. ಎಷ್ಟು ಬೇಕೋ ಅಷ್ಟೇ ಚಿಮ್ಮಿಸುವ ಜಿಪುಣ ಯಂತ್ರ. ನನ್ನ ಸ್ವಭಾವಕ್ಕೆ ಹೊಂದುವಂಥದ್ದು.

ಶಹಾಬಾದಿನಲ್ಲಿ ಒಬ್ಬ ಕಲ್ಲಿನ ವ್ಯಾಪಾರಿಯ ಸಾಮಾನು ಸಾಗಿಸುವ ಸಣ್ಣ ಡೀಸೆಲ್ ಗಾಡಿ ಖಣಿಯ ಅಂಚಿನಿಂದ ಹಿಂದುಹಿಂದಕ್ಕೆ ಜಾರಿ ಒಳಗೆ ಬಿದ್ದಿತ್ತು. ಡ್ರೈವರ್ ಮೊದಲೇ ಹಾರಿಕೊಂಡಿದ್ದ. ಹಿಂಭಾಗ ಅಪ್ಪಚ್ಚಿ, ಮುಂಭಾಗ ನೆಟ್ಟಗಿತ್ತು. ಸುದ್ದಿ ತಿಳಿದ ಮರುದಿನವೇ ಹೋದೆ. ಹಳೆ ಎಂಜಿನ್ ಕೊಳ್ಳುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಹೋದ ಕೂಡಲೇ ಎಂಜಿನ್ನಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ತಿರುಗಿ ಬನ್ನಿ, ಇನ್ನೊಂದು ದಿನ ಹೋಗಿ. ನೀವು ಬರುವ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿಟ್ಟಿದ್ದಾರೆ ಎಂದರೆ, ತಣ್ಣಗಿರುವಾಗ ಅದು ಏಳುವುದಿಲ್ಲ ಎಂದೇ ಅರ್ಥ. ಎದ್ದಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಬುಸು ಬುಸು ಹೊಗೆ ಬಂದರೆ ಒಳಗಿನ ರಿಂಗು ಸವೆದಿವೆ. ಇನ್ನು ವಸ್ತುವನ್ನು ಹೊಗಳಬಾರದು ಎಂದು ಎಲ್ಲರಿಗೂ ಗೊತ್ತು. ತೆಗಳಲೂ ಬಾರದು. ತೆಗಳುವವನಿಗೇ ಅದು ಬೇಕಾಗಿದೆ ಎಂದು ಮಾರುವವನು ತಿಳಿದುಕೊಳ್ಳುತ್ತಾನೆ. ಪಕ್ಕದಲ್ಲಿರುವ ಮತ್ತೊಂದರ ಬೆಲೆ ಕೇಳಿ. ನಾನು ಟೈರಿನ ಬೆಲೆ ಕೇಳಿದೆ.

"ಟೈರ್ ಎದಕ್ಕ? ಎಂಜಿನ್ ನೋಡ್ರಿ, ಬಂಗಾರ ಅದ," ಎಂದರು ವ್ಯಾಪಾರಿ.

"ಎಂಜಿನ್ ನನಗೆದಕ್ಕ್ರಿ? ಸರಿ, ನೀವು ಅಂತೀರಿ ಅಂತ ಒಂದು ಮಾತು ಕೇಳ್ತೀನಿ."

ಅಪ್ಪನ ಜೊತೆ ಎತ್ತಿನ ಸಂತೆಗೆ ಹೋಗಿ ಕಲಿತದ್ದು ನನಗೆ ಜೀವಮಾನವೆಲ್ಲ ನಡೆದಿದೆ. ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈಯ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದೆ. ಸಂತೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ. ಇಷ್ಟು ಬೆರಳು ಹಿಡಿದರೆ ಇಷ್ಟು ಎಂದು ಲೆಕ್ಕ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ವ್ಯಾಪಾರಿ ಕೈ ಕೊಸರಿದರು, ನಾನು ಬಿಡಲಿಲ್ಲ. ಅವರು ನಕ್ಕರು, ನಾನು ನಗಲಿಲ್ಲ. ಕೊನೆಗೆ ಒಂದು ಬೆರಳು ಮಡಿಸಿದರು. ಎಷ್ಟಕ್ಕೆ ಆಯಿತು ಎಂದು ಇಲ್ಲಿ ಬರೆಯುವುದಿಲ್ಲ. ಟವೆಲ್ಲಿನ ಕೆಳಗಿನ ಮಾತು ಅಲ್ಲೇ ಇರಬೇಕು. ಎಂಜಿನ್ ಜೊತೆಗೆ ಗೇರ್‌ಬಾಕ್ಸನ್ನೂ ಕೊಟ್ಟರು ಎಂದಷ್ಟು ಹೇಳಬಹುದು.

ಕೂಡಿಸುವ ಕೆಲಸಕ್ಕೆ ಶಹಾಬಾದಿನ ಉಸ್ತಾದರೇ ಸರಿ ಎಂದುಕೊಂಡೆ. ಅವರಿಗೆ ಆಗ ಗಡ್ಡ ಅರ್ಧ ಬೆಳ್ಳಗಾಗಿತ್ತು. ಸುತ್ತಲಿನ ಹಿಟ್ಟಿನ ಗಿರಣಿಗಳು, ಕಲ್ಲು ಕೊಯ್ಯುವ ಯಂತ್ರಗಳು, ಬಾವಿಯ ಪಂಪುಗಳು, ಎಲ್ಲದರ ಡೀಸೆಲ್ ಎಂಜಿನ್ನುಗಳನ್ನು ಕೂಡಿಸಿದವರು ಅವರು. ಅವರದೊಂದು ಪದ್ಧತಿ ಇತ್ತು. ದಪ್ಪ ಶಹಾಬಾದಿ ಕಲ್ಲನ್ನು ನೆಲದಲ್ಲಿ ಹೂತು, ಅದಕ್ಕೆ ಬೋಲ್ಟು ಬಿಗಿದು, ಎಂಜಿನ್ ಕೂಡಿಸಿ ಚಾಲೂ ಮಾಡುವರು. ಆಮೇಲೆ ಕಿಸೆಯಿಂದ ನಿಜಾಮರ ಕಾಲದ ಹಾಲಿ ಸಿಕ್ಕಾ ರೂಪಾಯಿ ತೆಗೆದು, ಓಡುತ್ತಿರುವ ಎಂಜಿನ್ನಿನ ಮೇಲೆ ಅಂಚಿನ ಮೇಲೆ ನಿಲ್ಲಿಸುವರು. ರೂಪಾಯಿ ಬೀಳದಿದ್ದರೆ ಕೆಲಸ ಮುಗಿಯಿತು. ಬಿದ್ದರೆ ಮತ್ತೆ ಬಿಚ್ಚುವರು. ಗಿರಣಿಯ ಮಾಲಕರು ಆ ರೂಪಾಯಿ ನಿಲ್ಲುವುದನ್ನು ನೋಡಲೆಂದೇ ಮನೆಮಂದಿಯನ್ನು ಕರೆತರುತ್ತಿದ್ದರು.

"ಕಾರಿಗಿ ಯಾವತ್ತರ ಕೂಡ್ಸೀರೇನ್ರಿ ಉಸ್ತಾದ್?" ಎಂದು ಕೇಳಿದೆ.

"ಎಂಜಿನ್ ಎಂಜಿನ್ನೇ ಭಾಯ್. ಅದಕ್ಕೇನು ಗೊತ್ತಾಗ್ತದ, ಕೆಳಗ ಗಿರಣಿ ಅದನೋ ಗಾಲಿ ಅವನೋ."

ಆ ಮಾತು ನನಗೂ ಹಿಡಿಸಿತು. ಇಬ್ಬರೂ ಸೇರಿ ಹಳೆ ಎಂಜಿನ್ ಇಳಿಸಿದೆವು. ಉದ್ದನೆಯ ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ ಅಳತೆಗೆ ತಂದರು. ಹೊಸ ಎಂಜಿನ್ ಭಾರವೆಂದು ಮುಂದಿನ ಸ್ಪ್ರಿಂಗಿಗೆ ಬಲ ಕೊಟ್ಟರು. ಎಂಜಿನ್ ಇಡುವ ಜಾಗಗಳಲ್ಲಿ, ಚಾಸಿಯ ಮೇಲೆ, ಕಪ್ಪು ರಬ್ಬರಿನ ತುಂಡುಗಳಿದ್ದವು. ಬಿಸಿಲಿಗೆ, ಎಣ್ಣೆಗೆ ಬಿರುಕು ಬಿಟ್ಟಿದ್ದವು. ಉಸ್ತಾದರು ಅವನ್ನು ಉಗುರಿನಿಂದ ಕೆರೆದು ನೋಡಿ, ಎತ್ತಿ ಬೇಲಿಯಾಚೆ ಎಸೆದರು.

"ಇಷ್ಟು ದೊಡ್ಡ ಗಾಡಿ ಮಾಡಿ, ಎಂಜಿನ್ ಮಾತ್ರ ರಬ್ಬರ್ ಮ್ಯಾಲ ಕೂಡ್ಸ್ಯಾರ ನೋಡ್ರಿ! ವಿಲಾಯತ್ತಿನಾಗ ಕಲ್ಲು ಇಲ್ಲ ಕಾಣ್ತದ."

ನಾನೂ ನಕ್ಕೆ. ರಬ್ಬರಿನ ಜಾಗದಲ್ಲಿ ದಪ್ಪ ಕಬ್ಬಿಣದ ತಗಡು ಇಟ್ಟು, ಕಲ್ಲು ಕೊಯ್ಯುವ ಯಂತ್ರಕ್ಕೆ ಬಿಗಿಯುವ ಬೋಲ್ಟು ಬಿಗಿದರು. ಬೋಲ್ಟು ತಿರುಗಿಸುವ ಪಾನಾ ಹಿಡಿದು ಇಬ್ಬರೂ ಜೋತುಬಿದ್ದೆವು. ಆನೆ ಬಂದು ನೂಕಿದರೂ ಆ ಎಂಜಿನ್ ಕದಲುತ್ತಿರಲಿಲ್ಲ.

ಚಾಲೂ ಮಾಡಿದಾಗ ಮೊದಲು ಉದುರಿದ್ದು ಒಳಗಿನ ಕನ್ನಡಿ. ಎಂಜಿನ್ ಕದಲಲಿಲ್ಲ ನಿಜ. ಅದರ ಬದಲು ಇಡೀ ಕಾರು ಚಳಿಜ್ವರ ಬಂದವರಂತೆ ನಡುಗಿತು. ಉಸ್ತಾದರು ಎಂಜಿನ್ನಿನ ಮೇಲೆ ರೂಪಾಯಿ ನಿಲ್ಲಿಸಿದರು, ಬಿತ್ತು. ಮತ್ತೆ ನಿಲ್ಲಿಸಿದರು, ಮತ್ತೆ ಬಿತ್ತು. ಬೋಲ್ಟು ಇನ್ನೂ ಬಿಗಿದರು. ಈ ಸಲ ರೂಪಾಯಿಯ ಜೊತೆಗೆ ಎಡಗಡೆಯ ಬಾಗಿಲೂ ತಾನೇ ತೆರೆದುಕೊಂಡಿತು.

"ಹೊಸಾದು ಅದ, ಹೊಂದಿಕೋತದ," ಎಂದರು. ರೂಪಾಯಿ ಕಿಸೆಗೆ ಹಾಕಿಕೊಳ್ಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಎಣ್ಣೆಯ ಖರ್ಚು ಮಾತ್ರ ಇಳಿದೇ ಇಳಿಯಿತು. ಆ ಆಸೆಗೆ ನಾನು ಹಾಗೆಯೇ ಬಾಡಿಗೆಗೆ ಇಳಿದೆ. ಮೊದಲ ಪ್ರಯಾಣದಲ್ಲಿ ಚಿಮ್ಮನಚೋಡದ ಒಬ್ಬ ಆಯಿ, ವಾಡಿಯಲ್ಲಿರುವ ಮೊಮ್ಮಗಳ ಮನೆಗೆಂದು, ಒಂದು ಗಡಿಗೆ ಮೊಸರು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿತ್ತು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಬಾಯಿ ತೆರೆದರೆ ಹಲ್ಲು ಕಟಕಟ ಎನ್ನುತ್ತಿದ್ದವು. ವಾಡಿಯಲ್ಲಿ ಇಳಿದ ಆಯಿ ಬಟ್ಟೆ ಬಿಚ್ಚಿ ನೋಡಿದಳು. ಮಜ್ಜಿಗೆಯ ಮೇಲೆ ಬೆಣ್ಣೆ ತೇಲುತ್ತಿತ್ತು.

"ತಮ್ಮಾ, ನಾ ಮಸರು ತಂದಿದ್ದೆ."

"ಹೌದಾಯಿ."

"ನೀ ಕಡದು ಕೊಟ್ಟೀ. ಬಾಡಿಗಿ ನಾ ನಿನಗ ಕೊಡಬೇಕೋ, ಕೂಲಿ ನೀ ನನ್ನಿಂದ ಕೇಳ್ತೀಯೋ?"

ಸ್ಟೇಷನ್ನಿನ ಮುಂದೆ ನಿಂತ ಜೀಪಿನವರೆಲ್ಲ ನಕ್ಕರು. ಆ ವಾರ ಮುಗಿಯುವುದರೊಳಗೆ ನನ್ನ ಗಾಡಿಗೆ ಕಡಗೋಲು ಗಾಡಿ ಎಂಬ ಹೆಸರು ಬಿತ್ತು. ಬೆನ್ನು ನೋವಿನವರು ಹತ್ತುವುದು ಬಿಟ್ಟರು, ಆಮೇಲೆ ಬೆನ್ನು ಗಟ್ಟಿ ಇದ್ದವರೂ ಬಿಟ್ಟರು. ಗುಜರಿ ಸಾಹುಕಾರರು ಮತ್ತೆ ಬೇವಿನ ಮರದ ಕೆಳಗೆ ಬಂದರು. ಎಂಜಿನ್ ಚಾಲೂ ಇತ್ತು. ಬಡಿಯಲು ಎತ್ತಿದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು.

"ಈಗ ನಾ ಬಡಿಯೋದೇನೂ ಬ್ಯಾಡ. ಅದೇ ಬಡ್ಕೊಳ್ಳಾಕತ್ತದ."

ಅವತ್ತು ಮನೆಗೆ ಬಂದು ಗಾಡಿಯನ್ನು ಅಂಗಳದಲ್ಲಿ ಚಾಲೂ ಇಟ್ಟು, ಬಾನೆಟ್ ಎತ್ತಿ ನೋಡುತ್ತ ನಿಂತೆ. ಎಲ್ಲ ಬಿಗಿ. ಎಲ್ಲಿಯೂ ಸಡಿಲವಿಲ್ಲ. ಹೆಂಡತಿ ನೀರು ಹೊತ್ತು ಬಂದಳು. ತಲೆಯ ಮೇಲೊಂದು ಕೊಡ, ಟೊಂಕದಲ್ಲೊಂದು. ಟೊಂಕದ್ದನ್ನು ಇಳಿಸಿ, ತಲೆಯದನ್ನು ಇಳಿಸದೆ, ಅಲ್ಲೇ ನಿಂತು ಅವಳೂ ನೋಡಿದಳು. ನೀರು ತುಂಬಿದ ಕೊಡ ಅವಳ ತಲೆಯ ಮೇಲೆ ಹನಿಯೂ ಚೆಲ್ಲದೆ ಕುಳಿತಿತ್ತು.

"ಇದರ ಕೆಳಗ ಏನ್ ಇಟ್ಟೀರಿ?" ಎಂದಳು.

"ಕಬ್ಬಿಣ."

"ಮ್ಯಾಲ ಕಬ್ಬಿಣ, ಕೆಳಗ ಕಬ್ಬಿಣ, ನಡುವ ಮತ್ತ ಕಬ್ಬಿಣ. ಸಿಂಬಿ ಎಲ್ಲಿ?"

ಕೊಡ ಇಳಿಸಿ, ತಲೆಯ ಮೇಲಿನ ಸಿಂಬಿ ತೆಗೆದು ನನ್ನ ಕೈಗೆ ಕೊಟ್ಟಳು. ಹಳೇ ಸೀರೆಯ ಬಟ್ಟೆಯನ್ನು ಸುರುಳಿ ಸುತ್ತಿದ ಬಳೆ. ಕೊಡದ ತಳದ ತೇವಕ್ಕೆ ಒದ್ದೆಯಾಗಿತ್ತು, ಅವಳ ತಲೆಯ ಬಿಸಿ ಇನ್ನೂ ಅದರಲ್ಲಿತ್ತು.

"ಇದಿಲ್ಲದ ಕೊಡ ಹೊತ್ತು ಬರ್ರಿ ಕೆರಿಯಿಂದ. ನೆತ್ತಿ ಏನಂತದ ಕೇಳ್ರಿ."

ಬೇಲಿಯಾಚೆ ಬಿದ್ದ ರಬ್ಬರ್ ತುಂಡುಗಳು ಆಗ ನನ್ನ ಕಣ್ಣ ಮುಂದೆ ಬಂದವು. ಗಿರಣಿಯಲ್ಲಿ ಎಂಜಿನ್ನಿನ ಬಡಿತವನ್ನು ಕಲ್ಲು ನೆಲಕ್ಕೆ ಇಳಿಸುತ್ತದೆ, ನೆಲ ನುಂಗುತ್ತದೆ. ಕಾರಿಗೆ ನೆಲ ಎಲ್ಲಿಯದು? ಬಡಿತವೆಲ್ಲ ಸೀಟಿಗೆ, ಬಾಗಿಲಿಗೆ, ಆಯಿಯ ಗಡಿಗೆಗೆ ಹೋಗುತ್ತಿತ್ತು. ಕಲ್ಲಿನ ಊರಿನಲ್ಲಿ ಬೆಳೆದ ಉಸ್ತಾದರಿಗೂ ನನಗೂ ಗಟ್ಟಿ ಎಂದರೆ ಒಳ್ಳೆಯದು ಎಂಬುದು ಬಿಟ್ಟು ಬೇರೆ ಹೊಳೆದಿರಲಿಲ್ಲ.

ಮೆತ್ತಗಿನ ರಬ್ಬರ್ ನಡೆಯದು. ಡೀಸೆಲ್ಲಿನ ಭಾರಕ್ಕೆ ಅದು ಚಪ್ಪಟೆಯಾಗುತ್ತದೆ. ಟೈರಿನ ತುಂಡು ಬಾಗಿರುತ್ತದೆ, ಸಮ ಕೂಡುವುದಿಲ್ಲ. ಬೇಕಾದದ್ದು ಸಿಮೆಂಟ್ ಕಾರ್ಖಾನೆಗಳಲ್ಲಿ ಕಲ್ಲು ಸಾಗಿಸುವ ರಬ್ಬರ್ ಪಟ್ಟಾ. ನಡುನಡುವೆ ಬಟ್ಟೆಯ ಪದರವಿಟ್ಟು ಮಾಡಿದ್ದು, ಎಷ್ಟು ಒತ್ತಿದರೂ ಹರಡುವುದಿಲ್ಲ. ಸವೆದ ಪಟ್ಟಾ ಇಡೀ ಸೀಮೆಯಲ್ಲಿ ಒಬ್ಬರ ಬಳಿಯೇ ಸಿಗುತ್ತಿತ್ತು. ಚಿತ್ತಾಪುರದ ಗುಜರಿ ಸಾಹುಕಾರರ ಬಳಿ.

ಹೋಗಿ ಮೊದಲು ಹಳೇ ಸರಪಳಿಯ ಬೆಲೆ ಕೇಳಿದೆ. ಆಮೇಲೆ ಡ್ರಮ್ಮಿನದು. ಕೊನೆಗೆ ಪಟ್ಟಾದ ಸುರುಳಿಯ ಮೇಲೆ ಕಾಲಿಟ್ಟು, ಇದೇನ್ರಿ ಎಂದೆ.

"ಪಟ್ಟಾ. ನಿನಗೆದಕ್ಕ?"

"ಎಮ್ಮಿ ಕಟ್ಟೋ ಜಾಗದಾಗ ಹಾಸಾಕ್ರಿ. ಕಲ್ಲಿನ ಮ್ಯಾಲ ಜಾರ್ತದ."

"ಎಮ್ಮಿ ಎಷ್ಟು ಅವ?"

"ಒಂದೇರಿ."

"ಪಟ್ಟಾ ಎಷ್ಟು ಬೇಕು?"

"ನಾಕು ತುಂಡು. ಇಷ್ಟಿಷ್ಟಾದ್ರ ಸಾಕು." ಅಂಗೈ ತೋರಿಸಿದೆ.

ಸಾಹುಕಾರರು ನನ್ನ ಅಂಗೈ ನೋಡಿದರು, ಮುಖ ನೋಡಿದರು.

"ಕಾಲು ನಾಕು, ತುಂಡೂ ನಾಕು. ಎಮ್ಮಿಗಿ ಚಪ್ಪಲಿ ಹೊಲಿಸ್ತೀ ಏನು?"

ಜೀವಮಾನದಲ್ಲಿ ವ್ಯಾಪಾರದ ಮಾತಿನಲ್ಲಿ ನಾನು ಸಿಕ್ಕಿಬಿದ್ದದ್ದು ಅಲ್ಲೊಂದೇ ಕಡೆ ಎಂದು ಕಾಣುತ್ತದೆ. ನನಗೇ ನಗು ತಡೆಯಲಾಗಲಿಲ್ಲ.

"ಗಾಡಿಗಿ ಅಂತ ಹೇಳಿದ್ರ ನಾ ಇಲ್ಲ ಅಂತಿದ್ದೆ ಏನು?"

"ಇಲ್ಲ ಅಂತಿದ್ದಿಲ್ರಿ. ಜಾಸ್ತಿ ಅಂತಿದ್ರಿ."

"ಅದು ಖರೇ," ಎಂದು ಅವರೂ ನಕ್ಕರು. ಚಾಕು ತರಿಸಿ ತುಂಡು ಕತ್ತರಿಸಿಕೊಟ್ಟರು. ಕೊಡುವಾಗ ಕೈ ಹಿಡಿದುಕೊಂಡರು. "ತೊಗೊ. ಆದ್ರ ಒಂದು ಮಾತು. ಇದೂ ಕೆಲಸ ಮಾಡಲಿಲ್ಲಂದ್ರ ಗಾಡಿ ನಂದು. ಬ್ಯಾರೇದವ್ರಿಗಿ ತೋರಿಸಬ್ಯಾಡ."

ಕೈಮೇಲೆ ಕೈ ಹಾಕಿ ಮಾತು ಕೊಟ್ಟೆ. ಲಗ್ನದ ದಿನಗಳು ಆಗಲೇ ಹತ್ತಿರ ಬಂದಿದ್ದವು.

ಉಸ್ತಾದರನ್ನು ಒಪ್ಪಿಸುವುದು ಸಾಹುಕಾರರಿಗಿಂತ ಕಷ್ಟವಾಯಿತು. ರಬ್ಬರ್ ಎಂದ ಕೂಡಲೇ ಅವರ ಹುಬ್ಬು ಮೇಲೇರಿತು.

"ಎಂಜಿನ್ ಅಲಗಾಡ್ತದ."

"ಅಲಗಾಡಲ್ರಿ."

"ಅಲಗಾಡೋ ಎಂಜಿನ್ ನಾ ಇಲ್ಲಿ ತನಕ ಯಾರಿಗೂ ಕೊಟ್ಟಿಲ್ಲ. ನೋಡಿದವ್ರು ಏನಂತಾರ? ಉಸ್ತಾದಂದು ಕೈ ನಡುಗಾಕತ್ತದ ಅಂತಾರ."

"ಬಾನೆಟ್ ಮುಚ್ಚಿದ್ರ ಯಾರಿಗಿ ಕಾಣ್ತದ್ರಿ? ಗಿರಣಿಗಿ ಬಾನೆಟ್ ಇಲ್ಲ, ಇದಕ್ಕದ."

ಅವರು ಚಹದ ಬಶಿ ಎತ್ತಿ, ಕುಡಿಯದೆ ಕೆಳಗಿಟ್ಟರು. ನಾನು ಕಿಸೆಯಿಂದ ಹೆಂಡತಿಯ ಸಿಂಬಿ ತೆಗೆದು ಅವರ ಮುಂದಿಟ್ಟೆ. ಅವರ ಮನೆಯಲ್ಲೂ ನೀರು ತಲೆಯ ಮೇಲೆಯೇ ಬರುತ್ತಿತ್ತು. ಸಿಂಬಿಯನ್ನು ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿದರು. ಚಹ ಆರಿಹೋಯಿತು. "ಯಾ ಅಲ್ಲಾ," ಎಂದು ಎದ್ದು ಪಾನಾ ಹುಡುಕಿದರು.

ಪಟ್ಟಾದ ತುಂಡುಗಳನ್ನು ಎಂಜಿನ್ನಿನ ಕಾಲುಗಳ ಕೆಳಗೆ ಕೊಟ್ಟೆವು. ಬೋಲ್ಟು ಹಾದುಹೋಗುವ ಕಡೆ ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ಮೇಲೂ ಒಂದು ಬಿಲ್ಲೆ ಇಟ್ಟರು. ಅದು ಅವರಿಗೇ ಹೊಳೆದದ್ದು. ಈ ಸಲ ಬಿಗಿಯುವಾಗ ಜೋತುಬೀಳಲಿಲ್ಲ. ರಬ್ಬರ್ ಸ್ವಲ್ಪ ಉಬ್ಬಿದೊಡನೆ ನಿಲ್ಲಿಸಿದರು.

ಚಾಲೂ ಮಾಡಿದೆ. ಎಂಜಿನ್ ಗಡಗಡ ಅಲುಗಾಡಿತು. ಉಸ್ತಾದರು ಅದನ್ನು ನೋಡಲಾರದೆ ತಾವೇ ಬಾನೆಟ್ ಮುಚ್ಚಿದರು. ಆಮೇಲೆ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಬಂದು ಕುಳಿತರು. ಸೀಟಿನ ಮೇಲೆ ಅಂಗೈ ಒತ್ತಿದರು, ಬಾಗಿಲಿಗೆ ಕಿವಿ ಹಚ್ಚಿದರು. ಕಿಸೆಯಿಂದ ಹಾಲಿ ರೂಪಾಯಿ ತೆಗೆದು ಡ್ಯಾಶ್‌ಬೋರ್ಡಿನ ಚಪ್ಪಟೆ ಜಾಗದಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಮೆಲ್ಲಗೆ ಬೆರಳು ತೆಗೆದರು. ರೂಪಾಯಿ ಸಣ್ಣಗೆ ನಡುಗುತ್ತ ನಿಂತಿತು. ಬೀಳಲಿಲ್ಲ. ನಾವಿಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಕೊನೆಗೆ ಅವರೇ ಅದನ್ನು ಎತ್ತಿಕೊಂಡರು.

"ಜಾಗ ತಪ್ಪಿ ನಿಲ್ಲಸ್ತಿದ್ದೆ," ಎಂದರು.

ಗುಲಬರ್ಗಾಕ್ಕೆ ಹೋಗಿ ಗಾಡಿಯ ನೋಂದಣಿ ಕಾಗದದಲ್ಲಿ ಪೆಟ್ರೋಲ್ ಇದ್ದಲ್ಲಿ ಡೀಸೆಲ್ ಎಂದು ಬರೆಸಿಕೊಂಡು ಬಂದೆ. ನೀವೂ ಎಂಜಿನ್ ಬದಲಿಸಿದರೆ ಈ ಕೆಲಸವನ್ನು ನಾಳೆಗೆ ಇಡಬೇಡಿ. ಇನ್ನೊಂದು ಮಾತು, ಡೀಸೆಲ್ಲನ್ನು ಬಟ್ಟೆಯಲ್ಲಿ ಸೋಸದೆ ಟಾಕಿಗೆ ಹಾಕಬೇಡಿ. ಟಾಕಿ ಪೂರಾ ಒಣಗಲೂ ಬಿಡಬೇಡಿ. ಪೆಟ್ರೋಲ್ ಗಾಡಿಯಂತೆ ಕೊನೆಯ ಹನಿಯ ತನಕ ಓಡಿಸಿದರೆ ನಳಿಗೆಯಲ್ಲಿ ಗಾಳಿ ಹಿಡಿಯುತ್ತದೆ. ಆಮೇಲೆ ನಟ್ಟು ಸಡಿಲಿಸಿ, ಪಂಪು ಒತ್ತಿ ಒತ್ತಿ ಗಾಳಿ ಬಿಡುತ್ತ ರಸ್ತೆಯಲ್ಲಿ ಕೂಡಬೇಕಾಗುತ್ತದೆ. ಮಳಖೇಡದ ಹತ್ತಿರ ನಡುಮಧ್ಯಾಹ್ನ ಕುಳಿತು ಕಲಿತದ್ದು ಇದು.

ಬಿಟ್ಟುಹೋದ ಮಂದಿ ಮೆಲ್ಲಮೆಲ್ಲಗೆ ತಿರುಗಿ ಬಂದರು. ಚಿಮ್ಮನಚೋಡದ ಆಯಿಯೂ ಬಂದಳು. ಈ ಸಲ ಮೊಸರು ಮೊಸರಾಗಿಯೇ ಇಳಿಯಿತು, ಹಳೇ ಗಾಡಿಯೇ ಛಲೋ ಇತ್ತು, ಕಡೆಯುವ ಕೆಲಸ ತಪ್ಪುತ್ತಿತ್ತು ಎಂದಳು. ಒಂದು ದಿನ ಸಾಹುಕಾರರು ವಾಡಿಯಲ್ಲಿ ಗಾಡಿ ಹತ್ತಿ, ಚಿತ್ತಾಪುರದ ತನಕ ಕಣ್ಣುಮುಚ್ಚಿ ಕುಳಿತರು. ಇಳಿದು, ಬಾಡಿಗೆ ಕೊಟ್ಟು, ಒಂದು ಮಾತೂ ಆಡದೆ ಹೋದರು. ಏನೋ ಕೊರತೆ ಕಂಡಿರಬೇಕು ಎಂದುಕೊಂಡೆ. ಲಗ್ನದ ಮೊದಲ ಮುಹೂರ್ತಗಳು ಆ ವಾರದಲ್ಲೇ ಇದ್ದವು, ನನಗೆ ಒಂದು ದಿಬ್ಬಣದ ಕರೆಯೂ ಬಂದಿರಲಿಲ್ಲ. ಕಡಗೋಲು ಎಂಬ ಹೆಸರು ಅಷ್ಟು ಬೇಗ ಅಳಿಸುವಂಥದ್ದಲ್ಲ.

ಎರಡು ದಿನ ಬಿಟ್ಟು ಅವರು ಸೇಡಂಗೆ, ನಮ್ಮ ಮನೆಗೇ ಬಂದರು. ಹೆಂಡತಿ ಬಾಗಿಲಲ್ಲಿ ನಿಂತು, "ಬರ್ರಿ ಸಾವ್ಕಾರ್ರ, ಕುಂದ್ರಿ," ಎಂದು ಕಂಬಳಿ ಹಾಸಿದಳು. ನನ್ನನ್ನು ನೋಡಿದಳು. ಗಾಡಿ ಕೇಳಲು ಬಂದಿದ್ದಾರೆಂದು ಅವಳಿಗೂ ಅದೇ ಯೋಚನೆ. ಸಾಹುಕಾರರು ಕುಳಿತು, ಟವೆಲ್ ತೆಗೆದು ನನ್ನ ಕೈಮೇಲೆ ಹಾಸಿದರು.

"ಎಷ್ಟು ಕೇಳ್ತೀ?"

"ಗಾಡಿ ಕೊಡೋದಿಲ್ರಿ," ಎಂದೆ.

"ಗಾಡಿ ಯಾರಿಗಿ ಬೇಕು? ಬಾಡಿಗಿ ಹೇಳು. ಮಗಳ ಲಗ್ನ ಅದ. ಗುಲಬರ್ಗಾಕ್ಕ ಅತ್ತಿ ಮನಿಗಿ ಕಳಸಬೇಕು. ಅಕಿ ಗಾಡಿ ಹತ್ತಿದ್ರ ಸಾಕು, ವಾಂತಿ. ಜೀಪಿನ್ಯಾಗ ದಂಡೋತಿ ತನಕ ಸೈತ ಹೋಗಂಗಿಲ್ಲ. ಅದಕ್ಕ ಮೊನ್ನಿ ನಾನು ಕುಂತು ನೋಡಿದೆ."

ಒಳಗೆ ಹೆಂಡತಿ ಬಶಿ ಕಪ್ಪಿನ ಸದ್ದು ಮಾಡಿದಳು. ಸಾಹುಕಾರರು ನನ್ನ ಬೆರಳು ಹಿಡಿದರು, ನಾನು ಕೊಸರಿದೆ. ಮಗಳ ಮದುವೆ ಎಂದು ಅವರೇನೂ ಬಿಟ್ಟುಕೊಡಲಿಲ್ಲ. ಸಂಕಟ ಕಳೆದ ಸಂತೋಷಕ್ಕೆ ನಾನೂ ಬಿಟ್ಟುಕೊಡಲಿಲ್ಲ. ಚಹ ಬರುವ ಹೊತ್ತಿಗೆ ಮುಗಿದಿತ್ತು.

ಲಗ್ನ ಮುಗಿದು ಚಿತ್ತಾಪುರದಲ್ಲಿ ಆ ಹುಡುಗಿ ಗಾಡಿ ಹತ್ತುವಾಗ ಬಹಳ ಅತ್ತಳು. ಮದುಮಗ, ಅವನ ಕಡೆಯವರು ಜೀಪಿನಲ್ಲಿ ಮುಂದೆ ಹೋಗಿದ್ದರು. ಹಿಂದೆ ಅವಳ ಸೋದರತ್ತೆಯರು ಎರಡೂ ಪಕ್ಕ ಕುಳಿತರು, ಮಡಿಲಲ್ಲಿ ಲಿಂಬೆಹಣ್ಣು, ಒಂದು ತಂಬಿಗೆ, ಒದ್ದೆ ಬಟ್ಟೆ, ಎಲ್ಲ ತಯಾರಿ. ಸಾಹುಕಾರರು ಮುಂದೆ ನನ್ನ ಪಕ್ಕ. ನಾನು ಇಳಿಜಾರಿನಲ್ಲಿಯೂ ಎಂಜಿನ್ ಬಂದ್ ಮಾಡಲಿಲ್ಲ. ಅಂಥ ದಿನ ಅದು. ದಂಡೋತಿಯ ಹತ್ತಿರ ಕಾಗಿಣಾ ದಾಟುವಾಗ ಹಿಂದೆ ಅಳು ನಿಂತಿತ್ತು. ವಾಂತಿಯ ಸೂಚನೆ ಇರಬೇಕೆಂದು ಗಾಡಿ ನಿಧಾನ ಮಾಡಿ, ಮತ್ತೆ ಕೂಡಿಸಿದ್ದ ಕನ್ನಡಿಯಲ್ಲಿ ನೋಡಿದೆ. ಹುಡುಗಿ ಒಬ್ಬ ಅತ್ತೆಯ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಬಾಸಿಂಗ ಓರೆಯಾಗಿತ್ತು. ಸಾಹುಕಾರರೂ ತಿರುಗಿ ನೋಡಿದರು. ಅಲ್ಲಿಂದ ಗುಲಬರ್ಗಾದ ತನಕ ಅವರು ಡ್ಯಾಶ್‌ಬೋರ್ಡಿನ ಮೇಲೆ ಎರಡು ಬೆರಳಿಟ್ಟಿದ್ದರು. ಬಡಿಯಲಿಲ್ಲ, ಸುಮ್ಮನೆ ಇಟ್ಟಿದ್ದರು.

ಬೀಗರ ಮನೆಯ ಮುಂದೆ ಚಪ್ಪರ ಹಾಕಿತ್ತು. ಹೆಂಗಸರು ಆರತಿ ಹಿಡಿದು ಗಾಡಿಯ ಕಡೆ ಬಂದರು. ಚಕ್ರ ನಿಲ್ಲುವ ಮೊದಲೇ, ರೂಢಿಯಂತೆ, ನನ್ನ ಕೈ ಎಂಜಿನ್ ಬಂದ್ ಮಾಡುವ ಗುಂಡಿಗೆ ಹೋಯಿತು. ಸಾಹುಕಾರರು ನನ್ನ ಕೈ ಹಿಡಿದರು.

"ತಡಿ. ಸಪ್ಪಳ ನಿಂತ್ರ ಎಚ್ಚರ ಆಗ್ತಾಳ. ಮೂರು ದಿನ ಆಯ್ತು, ಮಲಗಿಲ್ಲ. ಇನ್ನೊಂದೀಟು ಮಲಗಲಿ." ಕಿಟಕಿಯಿಂದ ಕೈ ಹೊರಹಾಕಿ ಆರತಿಯವರಿಗೂ ತಡೆಯಲು ಸನ್ನೆ ಮಾಡಿದರು. ನನ್ನ ಕಡೆ ಬಾಗಿ ದನಿ ತಗ್ಗಿಸಿದರು. "ಸುಡೋ ಡೀಸೆಲ್ ಲೆಕ್ಕಕ್ಕ ಹಚ್ಚು."

"ಸುಡಲಿ ಬಿಡ್ರಿ," ಎಂದೆ.